ಗೌರವ್ವನ ಕೈಯಲ್ಲಿ ನನ್ನ ಗಡಿಯಾರ

ಮೊದಲ ಸಲ ಬಿದ್ದಾಗ ನನಗೆ ಬಿದ್ದದ್ದೇ ಗೊತ್ತಾಗಲಿಲ್ಲ. ಹಿಟ್ಟು ನಾದುತ್ತಿದ್ದೆ. ಕಣ್ಣು ಬಿಟ್ಟಾಗ ಸೊಸೆಯ ಮುಖ ಮೇಲಿತ್ತು, ನನ್ನ ಕೆನ್ನೆ ಹಿಟ್ಟಿನ ಪರಾತದ ಅಂಚಿಗೆ ಒತ್ತಿಕೊಂಡಿತ್ತು. ನಡುವೆ ಏನಾಯಿತು ಎಂದು ಕೇಳಿದರೆ ಹೇಳುವುದಕ್ಕೆ ಏನೂ ಇಲ್ಲ. ತಲೆ ತಿರುಗಲಿಲ್ಲ, ಎದೆ ನೋಯಲಿಲ್ಲ, ಕಣ್ಣಿಗೆ ಕತ್ತಲೆ ಬರಲಿಲ್ಲ. "ಯಾಕ ಅಳಾಕತ್ತಿ?" ಎಂದು ನಾನೇ ಅವಳನ್ನು ಕೇಳಿದೆನಂತೆ.

ನನ್ನ ಹೆಸರು ನೀಲವ್ವ, ವಯಸ್ಸು ಅರವತ್ತೇಳು. ಮಹಾರಾಷ್ಟ್ರದ ಗಡಿಯೊಳಗಿನ ಉಮದಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಹಿತ್ತಲಿನ ತಗಡಿನ ಛಪ್ಪರದಲ್ಲಿ ಇಪ್ಪತ್ತೆರಡು ವರ್ಷದಿಂದ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದೇನೆ. ಮದುವೆ ಮನೆಗಳಿಗೆ, ಖಾನಾವಳಿಗಳಿಗೆ ನಮ್ಮಲ್ಲಿಂದಲೇ ರೊಟ್ಟಿ ಹೋಗುತ್ತದೆ. ವಿಜಯಪುರದ ಬಸ್ಸಿನಲ್ಲಿ ಕಡಕ್ ರೊಟ್ಟಿಯ ಗಂಟು ಹೋಗದ ವಾರವಿಲ್ಲ. ಮಗ ಈರಣ್ಣನಿಗೆ ಬಜಾರಿನಲ್ಲಿ ಬೀಜ ಗೊಬ್ಬರದ ಅಂಗಡಿ. ಸೊಸೆ ಸುಜಾತಾ ಮರಾಠಿ ಸಾಲೆಯಲ್ಲಿ ಹನ್ನೆರಡನೆಯ ಇಯತ್ತೆ ಮುಗಿಸಿದವಳು. ಮನೆಯಲ್ಲಿ ಫಾರ್ಮು ತುಂಬುವುದು, ಮೊಬೈಲು ನೋಡುವುದು ಎಲ್ಲ ಅವಳದೇ. ಇನ್ನೊಬ್ಬಳು ಗೌರವ್ವ. ಬೆಳುಂಕಿಯ ಕುರಿಯವರ ಮನೆಯ ಹೆಣ್ಣುಮಗಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನಾನು ಬಡಿದು ಬೇಯಿಸಿದ ರೊಟ್ಟಿಯನ್ನು ಒಣಗಿಸಿ, ಎಣಿಸಿ, ಗಂಟು ಕಟ್ಟುವುದು ಅವಳ ಕೆಲಸ.

ಇಷ್ಟನ್ನೂ ಯಾಕೆ ಬರೆಯುತ್ತಿದ್ದೇನೆಂದರೆ, ನಾನು ಡಾಕ್ಟರರಿಗೆ ಒಂದು ದೊಡ್ಡ ಸುಳ್ಳು ಹೇಳಿದ್ದೆ. ಬಾಯಿಂದ ಹೇಳಿದ್ದಲ್ಲ, ಕೈಯಿಂದ. ಹಾಗೆ ಸುಳ್ಳು ಹೇಳಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಇನ್ನೂ ಎಷ್ಟೋ ಜನ ಇದ್ದಾರೆ. ಅವರಲ್ಲಿ ಒಬ್ಬರಾದರೂ ಇದನ್ನು ಓದಿ ಎದ್ದು ಒಳಗೆ ಹೋದರೆ ನನಗೆ ಸಮಾಧಾನ.

ಜತ್ತದಲ್ಲಿ ಒಬ್ಬ ಡಾಕ್ಟರರು ಇಸಿಜಿ ತೆಗೆದು, ಎಲ್ಲ ಸರಿ ಇದೆ, ಅಶಕ್ತಪಣಾ, ಬರೀ ನಿತ್ರಾಣ ಅಷ್ಟೇ ಎಂದು ಟಾನಿಕ್ ಬರೆದುಕೊಟ್ಟರು. ಹದಿನೈದು ದಿನಕ್ಕೆ ಮತ್ತೆ ಬಿದ್ದೆ, ಈ ಸಲ ಮಗನ ಅಂಗಡಿಯ ಮೆಟ್ಟಿಲ ಮೇಲೆ. ಗಿರಾಕಿಗಳ ಎದುರಿಗೆ ಬಿದ್ದದ್ದಕ್ಕೆ ನನಗೆ ನಾಚಿಕೆಯಾಯಿತು, ಈರಣ್ಣನಿಗೆ ಜೀವವೇ ಹೋದಂತಾಯಿತು. ಮರುದಿನವೇ ವಿಜಯಪುರದ ಹೃದಯದ ಡಾಕ್ಟರರ ಬಳಿ ಕರೆದೊಯ್ದ. ಅವರು ಎದೆಗೆ ವೈರು ಅಂಟಿಸಿ ಒಂದು ದಿನ ಪೂರ್ತಿ ಬಡಿತ ನೋಡಿದರು. ಆ ಒಂದು ದಿನ ನನ್ನ ಹೃದಯ ಸಾಲೆಯ ಮಾಸ್ತರರ ಎದುರಿಗೆ ಕೂತ ಹುಡುಗಿಯಂತೆ ಶಿಸ್ತಾಗಿತ್ತು.

ಡಾಕ್ಟರರು ಆಗ ಆ ಗಡಿಯಾರ ಕೊಟ್ಟರು. ಕರೀ ರಬ್ಬರಿನ ಪಟ್ಟಿ, ಚೌಕವಾದ ಮುಖ. ಅದರೊಳಗೇ ಸಿಮ್ ಇತ್ತು. ನಾಡಿ ಎಣಿಸಿ ಸುಜಾತಾಳ ಮೊಬೈಲಿಗೂ ಡಾಕ್ಟರರಿಗೂ ಕಳಿಸುತ್ತಿತ್ತು. ಕೈಗೆ ಜೋರಾಗಿ ಏಟು ಬಿದ್ದರೆ ಮುದುಕಿ ಬಿದ್ದಳೆಂದು ತಿಳಿದು ಮನೆಯವರಿಗೆ ತಾನೇ ಫೋನು ಹಚ್ಚುತ್ತಿತ್ತು. "ಇದು ಹೇಳಿದ್ದನ್ನೆಲ್ಲಾ ನಾ ನಂಬೂದಿಲ್ರಿ ಅವ್ವಾರ," ಎಂದರು ಡಾಕ್ಟರರು. "ಆದ್ರ ನಿಮ್ಮ ಎದಿಯೊಳಗ ಯಾವಾಗ ನೋಡಬೇಕು ಅನ್ನೂದು ಇದರಿಂದ ನನಗ ತಿಳೀತೈತಿ. ಕೈಯಾಂದು ತಗೀಬ್ಯಾಡ್ರಿ."

ಈರಣ್ಣ ಒಲೆಯ ಮಾತು ಎತ್ತಿದ. ಬೀಳುವವಳು ಬೆಂಕಿಯ ಮುಂದೆ ಕೂರುವುದು ಬೇಡ ಎಂದು ಅವನ ಹಟ. ತಪ್ಪೇನಿಲ್ಲ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ನಾನು ಅವನ ಜಾಗದಲ್ಲಿರಲಿಲ್ಲ. ಒಲೆಯ ಮುಂದೆ ಕೂತಾಗ ನಾನು ನೀಲವ್ವ. ಎದ್ದು ಬಂದು ಪಡಸಾಲೆಯಲ್ಲಿ ಕೂತರೆ ಗುಳಿಗೆ ನುಂಗುವ ಒಬ್ಬ ಮುದುಕಿ. ನನಗೆ ಸಾಯುವ ಅಂಜಿಕೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಅದಕ್ಕಿಂತ ಹೆಚ್ಚಿನ ಅಂಜಿಕೆ ಆ ಪಡಸಾಲೆಯದು. ಕೊನೆಗೆ ಒಂದು ಕರಾರಾಯಿತು: ಗಡಿಯಾರ ಕೈಯಲ್ಲಿ ಇರುವವರೆಗೆ ರೊಟ್ಟಿ.

ಮೊದಲ ದಿನವೇ ಪೇಚಿಗೆ ಬಂತು. ಜೋಳದ ರೊಟ್ಟಿ ಬಡಿಯುವುದನ್ನು ನೋಡಿದವರಿಗೆ ಗೊತ್ತು, ಬಲಗೈ ಪಟಪಟನೆ ಬಡಿಯುತ್ತಿರಬೇಕು, ಎಡಗೈ ರೊಟ್ಟಿಯನ್ನು ತಿರುವುತ್ತಿರಬೇಕು. ಆ ಗಡಿಯಾರ ಮಾಡಿದವರು ರೊಟ್ಟಿ ನೋಡಿದವರಲ್ಲ. ನಾಲ್ಕನೆಯ ರೊಟ್ಟಿಗೆ ಅದರ ಮುಖ ಕೆಂಪಾಗಿ ಗುರ್ರ್ ಎಂದಿತು. ಬಿದ್ದಿಲ್ಲ ಎಂದು ತಿಳಿಸಲು ಅದರ ಗಾಜನ್ನು ಮುಟ್ಟಬೇಕು. ನನ್ನ ಬೆರಳ ತುಂಬ ಹಸಿ ಹಿಟ್ಟು, ಮುಟ್ಟಿದರೆ ಅದಕ್ಕೆ ತಿಳಿಯಲೇ ಇಲ್ಲ. ಸೀರೆಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನು ಹೋಗಿತ್ತು. ಈರಣ್ಣ ಅಂಗಡಿಯ ಶಟರ್ ಅರ್ಧ ಎಳೆದು ಬರಿಗಾಲಲ್ಲಿ ಓಡಿ ಬಂದ. ನಾನು ಒಲೆಯ ಮುಂದೆ ಸುಖವಾಗಿ ಕೂತಿದ್ದೆ.

ಅವತ್ತು ಅವನು ಮೂರು ಸಲ ಓಡಿ ಬಂದ. ಮರುದಿನ ಎಡಗೈಗೆ ಕಟ್ಟಿದೆವು. ಅಲ್ಲೂ ಅದೇ ಹಾಡು. ಸಾಯಂಕಾಲ ಸುಜಾತಾ ಮೊಬೈಲು ನೋಡಿ, "ಅತ್ತೀ, ಇವತ್ತ ನೀವು ಹನ್ನೊಂದ ಸಾವಿರ ಹೆಜ್ಜಿ ನಡದೀರಿ," ಎಂದು ನಕ್ಕಳು. ಕೂತ ಜಾಗದಿಂದ ನಾನು ಎದ್ದಿದ್ದೇ ಎರಡು ಸಲ.

ಮೂರನೆಯ ದಿನ ಈರಣ್ಣ ನಗಲಿಲ್ಲ. "ಅವ್ವಾ, ಹಿಂಗ ದಿನಾ ಓಡಿ ಬಂದ್ರ ಒಂದಿನಾ ಖರೇನ ಬಿದ್ದಾಗ ನಾ ಬರಾಂಗಿಲ್ಲ ನೋಡು. ರೊಟ್ಟಿ ಬಿಡು," ಎಂದ. ಗಡಿಯಾರ ಬಿಚ್ಚಿಟ್ಟರೆ ಐದು ನಿಮಿಷದಲ್ಲಿ ಸುಜಾತಾಳ ಮೊಬೈಲಿಗೆ ಅದೂ ತಿಳಿಯುತ್ತಿತ್ತು. ನಾಡಿ ಸಿಗುತ್ತಿಲ್ಲ ಎಂದು ಬರುತ್ತಿತ್ತಂತೆ, ಸತ್ತವರಿಗೆ ಬರುವ ಹಾಗೆ.

ಆಗ ನನ್ನ ಬುದ್ಧಿ ಓಡಿತು. ಅದಕ್ಕೆ ಬೇಕಾದದ್ದು ಒಂದು ನಾಡಿ ತಾನೆ? ಗೌರವ್ವನ ಕೆಲಸದಲ್ಲಿ ಬಡಿತವಿಲ್ಲ, ಏಟಿಲ್ಲ. ಮುಂಜಾನೆ ನಾಷ್ಟಾ ಆದ ಮೇಲೆ ಛಪ್ಪರಕ್ಕೆ ಬಂದು ಗಡಿಯಾರ ಬಿಚ್ಚಿ ಅವಳ ಮುಂಗೈಗೆ ಕಟ್ಟಿದೆ.

"ಬ್ಯಾಡ್ರಿ ಅಕ್ಕಾರ, ಡಾಕ್ಟರ್ ಸಾಮಾನದು," ಎಂದಳು.

"ನಿನ್ನ ಕೈ ಏನ ಸವೀತೈತೇನ? ಸುಮ್ಮ ಕಟಗೊ."

ಮಧ್ಯಾಹ್ನ ಒಲೆ ಆರಿಸಿದ ಮೇಲೆ ತಿರುಗಿ ನಾನು ಕಟ್ಟಿಕೊಳ್ಳುತ್ತಿದ್ದೆ. ಮೂರು ವಾರ ಹೀಗೆ ನಡೆಯಿತು. ಮನೆ ತಣ್ಣಗಾಯಿತು. ಈರಣ್ಣ ಅಂಗಡಿಯಲ್ಲಿ ನೆಮ್ಮದಿಯಿಂದ ಕೂತ. ಸುಜಾತಾ ಮಾತ್ರ ಒಮ್ಮೆ, "ಅತ್ತೀ, ಮುಂಜಾನಿ ನಿಮ್ಮ ನಾಡಿ ಭಾಳ ಚಲೋ ಇರ್ತೈತಿ," ಎಂದಳು. ಗೌರವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನ್ನ ಜಾಣತನದ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಒಂದು ಗುರುವಾರ ಹನ್ನೊಂದು ಗಂಟೆಯ ಹೊತ್ತಿಗೆ ಹಂಚಿನ ಮೇಲೆ ರೊಟ್ಟಿ ಹಾಕಿ ನೀರು ಹಚ್ಚುತ್ತಿದ್ದೆ. ಅಷ್ಟೇ ನೆನಪು. ಗೌರವ್ವ ಹೇಳುತ್ತಾಳೆ, ಒಲೆಯ ಕಡೆಗೇ ಬಾಗಿದೆನಂತೆ. ಅವಳು ಜಡೆ ಹಿಡಿದು ಎಳೆದಳು. ಮುಖ ಉಳಿಯಿತು, ಬಲ ಮೊಣಕೈಯ ಕೆಳಗೆ ಒಂದು ಗೇಣು ಸುಟ್ಟಿತು. ಅವಳು ಅಷ್ಟೆಲ್ಲ ಕೂಗಾಡುತ್ತಿದ್ದಾಗ ಅವಳ ಮುಂಗೈಯ ಗಡಿಯಾರ ತೆಪ್ಪಗಿತ್ತು. ಅದರ ಲೆಕ್ಕದಲ್ಲಿ ನೀಲವ್ವ ಆರಾಮ ಇದ್ದಳು. ಸುಜಾತಾ ಒಳಗಿನಿಂದ ಓಡಿ ಬರುವಷ್ಟರಲ್ಲಿ ಗೌರವ್ವ ಅದನ್ನು ಬಿಚ್ಚಿ ನನ್ನ ಕೈಗೆ ಕಟ್ಟಿದ್ದಳು. ಎಚ್ಚರಾದ ಕೂಡಲೇ ನಾನೇ ಕಣ್ಣಿನಿಂದ ಸನ್ನೆ ಮಾಡಿದ್ದೆ.

ಸುಟ್ಟ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮರುದಿನ ವಿಜಯಪುರಕ್ಕೆ ಹೋದೆವು. ಡಾಕ್ಟರರು ತಮ್ಮ ಕಂಪ್ಯೂಟರಿನಲ್ಲಿ ಗುರುವಾರದ ಹನ್ನೊಂದು ಗಂಟೆ ತೆಗೆದರು. ಕನ್ನಡಕ ಹಾಕಿದರು, ತೆಗೆದರು. "ಬಿದ್ದ ಹೊತ್ತಿನಾಗ ನಾಡಿ ಬರೋಬ್ಬರಿ ಐತಿ. ಹೃದಯದ್ದಲ್ಲ ಇದು, ಮೆದುಳಿಂದು ಇರಬೇಕು," ಎಂದು ಈರಣ್ಣನಿಗೆ ಹೇಳಿದರು. ಮೂರ್ಛೆ ರೋಗದ ಡಾಕ್ಟರರಿಗೆ ಚೀಟಿ ಬರೆದರು. ತಲೆಯ ಸ್ಕ್ಯಾನ್ ಆಗಬೇಕು, ಆಮೇಲೆ ಫಿಟ್ಸಿನ ಗುಳಿಗೆ, ಬಹುಶಃ ಬದುಕಿರುವ ತನಕ. "ಇನ್ನ ಬೆಂಕಿ, ಬಾವಿ ಎರಡರ ಹತ್ರಾನೂ ಹೋಗಬ್ಯಾಡ್ರಿ ಅವ್ವಾರ."

ನಾನು ಬಾಯಿ ಬಿಡಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಈರಣ್ಣ ಸ್ಕ್ಯಾನಿನ ಪಾಳಿ ಹಚ್ಚಲು ಹೋದ. ನನ್ನ ಕೈ ಉರಿಯುತ್ತಿತ್ತು. ಇಲ್ಲದ ರೋಗಕ್ಕೆ ಗುಳಿಗೆ ನುಂಗಬೇಕು, ಇದ್ದ ರೋಗ ಎದೆಯೊಳಗೇ ಕೂತಿರುತ್ತದೆ, ಮತ್ತೊಮ್ಮೆ ಬೀಳುತ್ತೇನೆ, ಆಗ ಜಡೆ ಹಿಡಿದು ಎಳೆಯಲು ಯಾರೂ ಇರುವುದಿಲ್ಲ. ಹೇಳಿದರೆ ಒಲೆ ಹೋಯಿತು, ಹೇಳದಿದ್ದರೂ ಒಲೆ ಹೋಯಿತು. ಹಾಗಿದ್ದ ಮೇಲೆ ಯಾಕೆ ಸುಮ್ಮನೆ ಕೂತಿದ್ದೆ? ಮಗನ ಮುಖ ನೋಡುವ ಧೈರ್ಯವಿರಲಿಲ್ಲ, ಅಷ್ಟೇ.

ಪಕ್ಕದಲ್ಲಿ ಕರಜಗಿಯ ಒಬ್ಬ ಹೆಣ್ಣುಮಗಳು ಕೂತಿದ್ದಳು, ನನ್ನ ವಾರಿಗೆಯವಳೇ. ಸಕ್ಕರೆ ಕಾಯಿಲೆಯವಳು. ನನ್ನ ಕೈ ನೋಡಿ ಏನಾಯಿತೆಂದು ಕೇಳಿದಳು. ಮಗನಿಗೆ ಹೇಳದ್ದನ್ನು, ಡಾಕ್ಟರರಿಗೆ ಹೇಳದ್ದನ್ನು ಆ ಗುರುತಿಲ್ಲದವಳಿಗೆ ಗಡಗಡ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಎಲೆಯಡಿಕೆಯ ಸಂಚಿ ತೆರೆದು ಮುಚ್ಚಿದಳು.

"ಡಾಕ್ಟರ್ ಮುಂದ ಯಾರರ ಪೂರಾ ಖರೇ ಹೇಳ್ತಾರೇನ್ರಿ ಯಕ್ಕಾ? ನಾ ಒಂದ ತಿಂಗಳಾತು ಗುಳಗಿ ನುಂಗಿಲ್ಲ. ನುಂಗೇನಿ ಅಂತ ಹೇಳ್ತೇನಿ. ಅವರು ಪಾಪ, ಗುಳಗಿ ಹತ್ತವಲ್ದು ಅಂತ ಹೆಚ್ಚಿಗಿ ಬರದ ಬರದ ಕೊಡ್ತಾರ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಆಮೇಲೆ ನಗು ನಿಂತಿತು.

"ನೀವು ಹೋಗ್ರಿ ಒಳಗ," ಎಂದಳು. "ನೀವು ಹೇಳಿ ಬಂದ್ರ ನಾನೂ ಹೇಳ್ತೇನಿ."

ಎದ್ದೆ. ಬಾಗಿಲಲ್ಲಿ ನಿಂತ ಕಂಪೌಂಡರ್, "ನಂಬರ್ ಆಗೇತ್ರಿ ನಿಮ್ಮದು," ಎಂದ. "ನನ್ನ ನಂಬರ್ ಇನ್ನೂ ಮುಗದಿಲ್ಲ ತಮ್ಮಾ," ಎಂದು ಬಾಗಿಲು ತಳ್ಳಿದೆ. ಒಳಗಿದ್ದ ರೋಗಿ ಅಂಗಿ ಬಿಚ್ಚಿ ಮಲಗಿದ್ದ. ನಾನು ಅತ್ತ ನೋಡದೆ, ನಿಂತಲ್ಲೇ, ಗೌರವ್ವನ ಹೆಸರು ಹಿಡಿದು ಎಲ್ಲ ಹೇಳಿದೆ.

ಡಾಕ್ಟರರು ಪೆನ್ನು ಕೆಳಗಿಟ್ಟರು. ಕಂಪ್ಯೂಟರಿನ ಕಡೆ ತಿರುಗಿ ಒಂದೊಂದೇ ದಿನ ನೋಡುತ್ತ ಹೋದರು. "ಹಂಗಾದ್ರ ಮೂರ ವಾರ ಮುಂಜಾನಿ ನಾ ನೋಡಿದ್ದು ಗೌರವ್ವನ ಎದಿ," ಎಂದರು. ಸಿಟ್ಟು ಬರುತ್ತದೆಂದು ಕಾದೆ. ಬಂತು ಕೂಡ. "ಎಂಥಾ ಕೆಲಸಾ ಮಾಡೀರಿ ಅವ್ವಾರ, ನಾಳಿಂದ ನಿಮಗ ಫಿಟ್ಸಿನ ಗುಳಗಿ ಕೊಡ್ತಿದ್ದೆ ನಾನು." ಚೀಟಿಯನ್ನು ಹರಿದರು. ಆಮೇಲೆ ಧ್ವನಿ ಇಳಿಸಿ, "ಆಕಿಗೆ ಹೇಳ್ರಿ, ಆಕಿ ಎದಿ ಭಾಳ ಗಟ್ಟಿ ಐತಿ," ಎಂದರು.

ಹೊರಗೆ ಬಂದಾಗ ಕರಜಗಿಯವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಸಂಚಿ ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ಅವಳ ಹೆಸರು ಕೇಳಲು ಮರೆತೆ. ಆ ಮರೆವು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಈರಣ್ಣನಿಗೆ ಡಾಕ್ಟರರೇ ಹೇಳಿದರು. ಉಮದಿಯವರೆಗೂ ಬಸ್ಸಿನಲ್ಲಿ ಅವನು ಕಿಟಕಿಯಾಚೆ ನೋಡುತ್ತ ಕೂತ. ಇಳಿಯುವಾಗ ಒಂದೇ ಮಾತು: "ನಾ ಅಂಗಡ್ಯಾಗ ಕುಂತು ಗೌರವ್ವನ ನಾಡಿ ನೋಡಿ ನಿಶ್ಚಿಂತಿ ಇದ್ನೆಲ್ಲವ್ವಾ." ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವನ ಕಣ್ಣಲ್ಲಿ ನೀರಿತ್ತು. ಅಂದಿನಿಂದ ಅವನು ನನ್ನ ರೊಟ್ಟಿ ಮುಟ್ಟಲಿಲ್ಲ. ಜಗಳವಾಡಲಿಲ್ಲ, ಊಟಕ್ಕೆ ಕೂತಾಗ ಸುಮ್ಮನೆ ಸುಜಾತಾಳಿಗೆ ಚಪಾತಿ ಕೇಳುತ್ತಿದ್ದ.

ಡಾಕ್ಟರರು ಹೇಳಿದ್ದು ಇಷ್ಟು: ಗಡಿಯಾರ ಇರಲೇಬೇಕು, ನನ್ನ ಮೈಮೇಲೇ ಇರಬೇಕು, ಬಿದ್ದ ಹೊತ್ತಿನಲ್ಲಿ ಇರಬೇಕು. ಹಾಗೆಂದು ನಾನು ಪಡಸಾಲೆಯಲ್ಲಿ ಕೂರುವವಳಲ್ಲ. ಸುಟ್ಟ ಗಾಯ ಮಾಗುತ್ತ ಬಂದಾಗ ದಾರಿ ತೋರಿಸಿದವಳು ಸುಜಾತಾ. ರೊಟ್ಟಿಗೆ ಕೂರುವ ಮುಂಚೆ ನಾವು ಹೆಂಗಸರು ಬಳೆಗಳನ್ನು ಮೊಣಕೈಯತ್ತ ಏರಿಸಿಕೊಳ್ಳುತ್ತೇವೆ, ಕೈಗೆ ತಿಳಿಯದೆಯೇ ಆಗುವ ಕೆಲಸ ಅದು. ಅವಳು ಅದನ್ನು ನೋಡುತ್ತ ನಿಂತಿದ್ದಳು.

"ಅತ್ತೀ, ಬಳಿ ಏರಸ್ತೀರಲ್ಲ, ಹಂಗ ಇದನ್ನೂ ಏರಸ್ರಿ. ತೋಳಿಗೆ ಕಟ್ಟೂಣು."

ರಬ್ಬರಿನ ಪಟ್ಟಿ ತೋಳಿಗೆ ಸಾಲಲಿಲ್ಲ. ಹಳೆಯ ಇಳಕಲ್ಲ ಸೀರೆಯ ಅಂಚು ಕತ್ತರಿಸಿ, ಒಳಗೆ ಇಲಾಸ್ಟಿಕ್ ಇಟ್ಟು ಪಟ್ಟಿ ಹೊಲಿದಳು. ಡಾಕ್ಟರರಿಗೆ ಫೋನು ಮಾಡಿ ಕೇಳಿದಳು. ನಾಡಿ ಸಿಕ್ಕರೆ ಆಯಿತು, ಒಲೆಯಿಂದ ಮಾತ್ರ ದೂರ ಎಂದರು. ತೋಳಿಗೆ ನಾಡಿ ಸಿಕ್ಕಿತು, ಬಡಿತದ ಏಟು ಅಲ್ಲಿಗೆ ಮುಟ್ಟಲಿಲ್ಲ. ಒಲೆಯನ್ನು ಗೌರವ್ವನಿಗೆ ಬಿಟ್ಟೆ. ನಾನು ಆಚೆ ಗೋಡೆಗೆ ಒರಗಿ ಕೂತು ಬಡಿದು ಕೊಡುವುದು, ಅವಳು ಬೇಯಿಸುವುದು. ಅವಳ ಮೊದಲ ವಾರದ ರೊಟ್ಟಿಗಳ ಬಗ್ಗೆ ನಾನು ಇಲ್ಲಿ ಏನೂ ಬರೆಯುವುದಿಲ್ಲ, ಅವಳು ನನ್ನ ಜೀವ ಉಳಿಸಿದವಳು.

ಹೀಗೆ ಕಾಯುವುದೇ ಕಷ್ಟದ ಕೆಲಸ. ದಿನಾ ಮುಂಜಾನೆ ಬೀಳಲಿಕ್ಕೆಂದೇ ಕೂತಂತೆ ಕೂರಬೇಕು. ಬಿದ್ದರೆ ಅಂಜಿಕೆ, ಬೀಳದಿದ್ದರೆ ಇನ್ನೊಂದು ದಿನ ಹೋಯಿತಲ್ಲ ಎಂಬ ಬೇಸರ. ಒಂಬತ್ತು ದಿನ ಏನೂ ಆಗಲಿಲ್ಲ. ಹತ್ತನೆಯ ದಿನ ಹಿಟ್ಟಿನ ಮೇಲೆಯೇ ಬೋರಲು ಬಿದ್ದೆ. ಈ ಸಲ ಗಡಿಯಾರಕ್ಕೆ ತಿಳಿಯಿತು. ನಾಡಿ ಮೂವತ್ತಕ್ಕೆ ಇಳಿದು, ಒಂದಷ್ಟು ಹೊತ್ತು ನಿಂತೇ ಹೋಗಿತ್ತು. ನಾನು ಕಣ್ಣು ಬಿಡುವಷ್ಟರಲ್ಲಿ ಸುಜಾತಾ ಬಂದಿದ್ದಳು, ಈರಣ್ಣ ಬಂದಿದ್ದ, ಮೊಬೈಲಿನಲ್ಲಿ ಡಾಕ್ಟರರು ಮಾತಾಡುತ್ತಿದ್ದರು: "ಲಗೂನ ಕರಕೊಂಡ ಬರ್ರಿ."

ಆಸ್ಪತ್ರೆಯ ಮಂಚದ ಮೇಲೆ ಅವರ ಮಷೀನಿನ ಎದುರಿಗೇ ಹೃದಯ ಇನ್ನೊಮ್ಮೆ ನಿಂತು ನಡೆಯಿತು. ಡಾಕ್ಟರರು ಕಾಗದವನ್ನು ಈರಣ್ಣನಿಗೆ ತೋರಿಸಿದರು. ಇಷ್ಟು ದಿನ ಯಾರ ಕೈಗೂ ಸಿಗದ ಕಳ್ಳ ಸಿಕ್ಕಿದ್ದ. ಪೇಸ್‌ಮೇಕರ್ ಕೂರಿಸಬೇಕು ಎಂದರು. ನನಗೆ ಅಂಜಿಕೆಯ ಜೊತೆಗೆ ಒಂದು ಬಗೆಯ ಖುಷಿಯೂ ಆಯಿತು. ರೋಗಕ್ಕೆ ಹೆಸರು ಸಿಕ್ಕರೆ ಅದರ ಜೊತೆ ಜಗಳ ತೆಗೆಯಬಹುದು.

ಒಳಗೆ ಒಯ್ಯುವ ಮುಂಚೆ ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು ಎಂದಳು ನರ್ಸು. ಬಳೆ ತೆಗೆದೆ, ಬೆಂಡೋಲೆ ತೆಗೆದೆ. ಕೊರಳಿನ ಲಿಂಗದ ಕರಡಿಗೆಯ ಮೇಲೆ ಕೈ ಇಟ್ಟುಕೊಂಡು ಕೂತೆ. ಹುಟ್ಟಿದಾಗಿನಿಂದ ಅದು ಮೈಬಿಟ್ಟು ಹೋಗಿಲ್ಲ. "ತಗೀಬೇಕಂದ್ರ ನಾ ಬರಾಂಗಿಲ್ಲ," ಎಂದೆ. ಆ ಹುಡುಗಿ ಮರಾಠಿಯವಳು, ಕನ್ನಡ ಅಷ್ಟಕ್ಕಷ್ಟೇ. ಲೋಹದ ಕರಡಿಗೆ ಮಾತ್ರ ಬೇಡ, ಲಿಂಗ ಇರಲಿ ಎಂದು ಸನ್ನೆ ಮಾಡಿದಳು. ಬೆಳ್ಳಿಯ ಕರಡಿಗೆಯಿಂದ ನಾನೇ ಲಿಂಗ ತೆಗೆದು ಕೊಟ್ಟಾಗ, ಅದನ್ನು ಹೊಸ ಗಾಜ್ ಬಟ್ಟೆಯಲ್ಲಿ ಸುತ್ತಿ, ನನ್ನ ಬಲದ ಅಂಗೈಯಲ್ಲಿಟ್ಟು, ಮುಷ್ಟಿ ಮುಚ್ಚಿಸಿ ಮೇಲೆ ಪಟ್ಟಿ ಕಟ್ಟಿದಳು. ಆಪರೇಷನ್ ಮುಗಿಯುವವರೆಗೂ ಆ ಮುಷ್ಟಿ ಬಿಡಲಿಲ್ಲ. ಎಡಗಡೆಯ ಕೊರಳೆಲುಬಿನ ಕೆಳಗೆ ಕುಯ್ಯುವುದು ತಿಳಿಯುತ್ತಿತ್ತು, ನೋವಿರಲಿಲ್ಲ. ಡಾಕ್ಟರರು ನಡುನಡುವೆ ರೊಟ್ಟಿಗೆ ಎಸರು ಎಷ್ಟು ಕಾಯಬೇಕು ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ.

ಮನೆಗೆ ಬರುವ ದಿನ ಎಡಗೈ ಹೆಗಲಿಗಿಂತ ಮೇಲೆ ಎತ್ತಬಾರದು, ಆರು ವಾರ ಭಾರ ಹೊರಬಾರದು ಎಂದೆಲ್ಲ ಹೇಳಿದರು. ಈರಣ್ಣ ಒಂದು ಪ್ರಶ್ನೆ ಇಟ್ಟುಕೊಂಡೇ ಬಂದಿದ್ದ. "ಕಟ್ಟಿಗಿ ಒಲಿ ತಗಸಿ ಇಂಡಕ್ಷನ್ ಒಲಿ ಕೊಡಸ್ಲೇನ್ರಿ ಸರ್?"

"ಇಂಡಕ್ಷನ್ ಒಲಿಯಿಂದ ಎರಡ ಅಡಿ ದೂರ ಇರಲಿ, ಈ ಮಷೀನಿಗೆ ಅದು ಚಲೋ ಅಲ್ಲ. ಕಟ್ಟಿಗಿ ಒಲಿಗೆ ಏನೂ ಅಡ್ಡಿಯಿಲ್ಲ."

ನಾನು ನಗಲಿಲ್ಲ. ನಗದಿರಲು ಪಟ್ಟ ಕಷ್ಟ ನನಗೇ ಗೊತ್ತು.

ಆರು ವಾರವನ್ನು ಪಡಸಾಲೆಯಲ್ಲಿ ಕಳೆದೆ, ಹೇಳಿದ್ದನ್ನೆಲ್ಲ ಕೇಳಿದೆ. ಗಡಿಯಾರ ತೋಳಿನಲ್ಲೇ ಇತ್ತು, ಈಗಲೂ ಇದೆ. ಆ ದಿನಗಳಲ್ಲಿ ಸುಜಾತಾಳಿಂದ ಮೊಬೈಲು ನೋಡುವುದನ್ನೂ ಕಲಿತೆ. ನನ್ನ ನಾಡಿ ಊರೆಲ್ಲ ನೋಡುವಾಗ ನಾನೊಬ್ಬಳು ನೋಡದಿದ್ದರೆ ಹೇಗೆ? ಏಳನೆಯ ವಾರ ಡಾಕ್ಟರರು ಗಾಯ ನೋಡಿ, ಒಲೆಗೆ ಕೂರಬಹುದು, ಒಬ್ಬಳೇ ಬೇಡ ಎಂದರು. ಮರುದಿನ ಮುಂಜಾನೆ ಈರಣ್ಣನಿಗೆ, "ನಾ ಇವತ್ತ ಕುಂದ್ರಾಕಿ," ಎಂದೆ. "ಕೇಳಾಕತ್ತಿಲ್ಲ, ಹೇಳಾಕತ್ತೇನಿ. ಹೇಳದ ಮಾಡಿದ್ದು ಒಮ್ಮೆ ಸಾಕು."

ಗೌರವ್ವ ತೊಗರಿ ಕಟ್ಟಿಗೆ ಹಚ್ಚಿ ಪಕ್ಕಕ್ಕೆ ಸರಿದಳು. ಬಳೆ ಏರಿಸಿಕೊಂಡು ಕೂತೆ. ಮೊದಲ ರೊಟ್ಟಿ ಅಂಚು ಹರಿಯಿತು, ಅದನ್ನು ತಿರುಗಿ ನಾದಿದೆ. ಎರಡನೆಯದು ಹಂಚಿನ ಮೇಲೆ ಉಬ್ಬುವಾಗ ಬಾಗಿಲಲ್ಲಿ ನೆರಳು ಬಿತ್ತು. ಈರಣ್ಣ ಅಂಗಡಿಗೆ ಹೋಗಿರಲಿಲ್ಲ. ಒಳಗೆ ಬಂದು, ನನ್ನ ಪಕ್ಕದಲ್ಲಿ, ಒಲೆಯ ಹತ್ತಿರ, ಚಿಕ್ಕವನಿದ್ದಾಗ ಕೂರುತ್ತಿದ್ದ ಹಾಗೆ ಚಕ್ಕಳಮಕ್ಕಳ ಹಾಕಿ ಕೂತ. ನನಗೆ ಅವನ ಕಡೆ ನೋಡಲಾಗಲಿಲ್ಲ. ರೊಟ್ಟಿಯನ್ನು ತಾಟಿಗೆ ಹಾಕಿ, ಶೇಂಗಾ ಹಿಂಡಿಯ ಚಟ್ನಿ, ಎಣ್ಣೆ ಹಾಕಿ ಮುಂದೆ ಸರಿಸಿದೆ. ಅವನು ರೊಟ್ಟಿ ಮುರಿದ. ಪೂರ್ತಿ ತಿಂದು ಮುಗಿಸಿದ.

ತಾಟನ್ನು ನನ್ನ ಕಡೆಗೆ ತಳ್ಳಿದ.

"ಇನ್ನೊಂದ ಹಾಕವ್ವಾ," ಎಂದ.